ವಕ್ರಮಾರ್ಗಜೀವಿತಂ, ಅಥವಾ ಪಿತೃವರ್ಗದ ಒಳರಸ್ತೆ ವ್ಯಾಮೋಹದ ಶಾಸ್ತ್ರೀಯ ವಿವೇಚನೆ

ಮೊದಲು ಕ್ಷೇತ್ರನಿರ್ಣಯವಾಗಬೇಕು ಎಂಬುದು ವಿದ್ವಜ್ಜನರ ಕಟ್ಟಳೆ. ಆಗಲಿ. ಅರಿಕುಠಾರ ಎಂಬ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದರು. ಅದಕ್ಕೂ ಬಹಳ ಹಿಂದೆ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ಅಂದಮೇಲೆ ಆ ತುದಿಗೊಬ್ಬ ಅಪ್ಪ, ಈ ತುದಿಗೊಬ್ಬ ಅಪ್ಪ; ನಡುವೆ ತೆರಕಣಾಂಬಿಯ ಮೇಲೆ ಹಾದುಹೋಗುವ ಸುಮಾರು 35 ಕಿಲೋಮೀಟರ್ ರಸ್ತೆ. ಪಿತೃಸಂಚಾರದ ಅಧ್ಯಯನಕ್ಕೆ ಇದಕ್ಕಿಂತ ಪ್ರಶಸ್ತವಾದ ಭೂಮಿ ಭರತಖಂಡದಲ್ಲಿಲ್ಲ. ಆ ಮಕ್ಕಳು ಅರಸರಾಗಿದ್ದರು, ಊರು ಗುಡಿ ಎಂದು ಧಾರಾಳವಾಗಿ ಕೊಟ್ಟರು. ನಮ್ಮ ಕೈಲಾಗುವುದು ಪ್ರಬಂಧ ಮಾತ್ರ.

ಸಮಸ್ಯೆ ಇಷ್ಟೆ: ರಸ್ತೆ ಇದೆ, ಅಪ್ಪ ಅದರಲ್ಲಿ ಹೋಗುವುದಿಲ್ಲ. ಚಾಮರಾಜನಗರ ಬೆನ್ನಿಗೆ ಬೀಳುವ ಮೊದಲೇ ಇಂಡಿಕೇಟರ್ ಟಿಕ್ ಟಿಕ್ ಎನ್ನಲು ಶುರುವಾಗುತ್ತದೆ. “ಇಲ್ಲೊಂದು ಒಳದಾರಿ ಅದ ಕಣೊ, ಬೇಗ ಹೋಗ್ಬುಡಬೌದು.” ಮುಂದಿನ ಸೀಟಿನಲ್ಲಿ ಅಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ನಿಂಬೆಹಣ್ಣನ್ನು ಬಿಚ್ಚುತ್ತಾರೆ. ಇದೇ ಜಿಲ್ಲೆಯ ಯಳಂದೂರಿನ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಅಷ್ಟು ವಿವರವಾಗಿ ಬರೆದರೂ ತಿರುವಿನಲ್ಲಿ ಹೊಟ್ಟೆ ತೊಳಸುವಾಗ ಸತಿಯಾದವಳು ಏನು ಮಾಡಬೇಕೆಂದು ಹೇಳದೆ ಹೋದದ್ದು ನಮ್ಮ ಸಾಹಿತ್ಯಕ್ಕೆ ಆದ ನಷ್ಟ.

ಸೈದ್ಧಾಂತಿಕ ಚೌಕಟ್ಟಿಗೆ ಕಾಶ್ಮೀರಕ್ಕೆ ಹೋಗಬೇಕು. ಹತ್ತನೆಯ ಶತಮಾನದ ಕುಂತಕ ತನ್ನ ‘ವಕ್ರೋಕ್ತಿಜೀವಿತ’ದಲ್ಲಿ ಕಾವ್ಯದ ಜೀವ ಇರುವುದೇ ವಕ್ರತೆಯಲ್ಲಿ ಎಂದ; ಒಂದು ಅಕ್ಷರದ ಜೋಡಣೆಯಿಂದ ಹಿಡಿದು ಇಡೀ ಪ್ರಬಂಧದವರೆಗೆ ಆರು ಬಗೆ ಮಾಡಿದ. ಅಪ್ಪ ಕುಂತಕನನ್ನು ಓದಿದವರಲ್ಲ. ಕುಂತಕನೂ ಗುಂಡ್ಲುಪೇಟೆ ತಾಲ್ಲೂಕು ನೋಡಿದವನಲ್ಲ. ಆದರೂ ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಆರರಲ್ಲಿ ಮೂರು ವಕ್ರತೆಗಳು ಈ ಭಾಗದಲ್ಲಿ ನಿಸ್ಸಂದೇಹವಾಗಿ ಕಾಣಸಿಗುತ್ತವೆ. ಉಳಿದ ಮೂರು ಇನ್ನೂ ಟೆಂಡರ್ ಹಂತದಲ್ಲಿವೆ.

ಇನ್ನು ಪೂರ್ವಪಕ್ಷ. ಪ್ರಕೃತಿ ಸೌಂದರ್ಯಕ್ಕಾಗಿ ಹೋಗುತ್ತಾರೆ ಎಂಬುದು ಕೆಲವರ ವಾದ. ಮುಂಗಾರಿನಲ್ಲಿ ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂ ಅರಳಿ ನಿಲ್ಲುವುದು ನಿಜ. ಕೇರಳದಿಂದ, ಮೈಸೂರಿನಿಂದ ಬಂದವರು ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುವುದೂ, ಹೊಲದವರು ಅದಕ್ಕಿಷ್ಟು ಕಾಸು ಕೇಳುವುದೂ ನಿಜ. ಅಪ್ಪನ ಕಣ್ಣು ಮಾತ್ರ ಗುಂಡಿಯ ಮೇಲೆ. ಹೊಲದ ಕಡೆ ಒಮ್ಮೊಮ್ಮೆ ತಿರುಗಿದರೂ ಬರುವ ಉದ್ಗಾರ “ಈ ಸಲ ಸಾಂಬಾರ್ ಈರುಳ್ಳಿಗ ರೇಟಿಲ್ಲ” ಎಂಬುದು. ಇದು ಸೌಂದರ್ಯಾನುಭವವಲ್ಲ. (ಆ ಗುಂಡಿಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಪ್ಪಿಸುವುದೇ ನಮ್ಮ ಪ್ರಕಾರ ಮೂರರಲ್ಲಿ ಮೊದಲನೆಯದು, ಅಕ್ಷರ ಜೋಡಣೆಯ ವರ್ಣವಿನ್ಯಾಸವಕ್ರತೆ.)

ಎರಡನೆಯ ವಾದ: ಸುಖ ತಿರುವಿನಲ್ಲಿಯೇ ಇದೆ. ಇದನ್ನು ಪ್ರಯೋಗದಿಂದ ಖಂಡಿಸಬಹುದು, ಪ್ರಯೋಗಶಾಲೆಯೂ ಸಿದ್ಧವಾಗಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರ. ಖಾಸಗಿ ವಾಹನಕ್ಕೆ ಮೇಲೆ ಪ್ರವೇಶವಿಲ್ಲ, ತಪ್ಪಲಲ್ಲಿ ಗಾಡಿ ನಿಲ್ಲಿಸಿ ಸಾರಿಗೆ ಬಸ್ ಹತ್ತಬೇಕು. ತಿರುವಿಗೇನೂ ಬರಗಾಲವಿಲ್ಲ. ಆದರೆ ಕಿಟಕಿ ಪಕ್ಕ ಕೂತ ಅಪ್ಪನನ್ನು ಗಮನಿಸಿ: ಬಲಗಾಲು ಮುಂದಿನ ಸೀಟಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಎಡಗೈ ಕಂಬಿ ಹಿಡಿದಿದ್ದರೂ ಹೆಬ್ಬೆರಳು ಗೇರು ಹುಡುಕುತ್ತಿರುತ್ತದೆ. ಪ್ರತಿ ತಿರುವಿಗೂ ಅರೆಕ್ಷಣ ಮೊದಲೇ “ಹಾರ್ನ್ ಹೊಡೀಬೇಕಿತ್ತು” ಎಂದು ಗೊಣಗು. ಮೇಲೆ ಮಂಜು, ಆನೆ ಕಾಣುವ ಕಣಿವೆ, ವೇಣುಗೋಪಾಲನ ದರ್ಶನ ಎಲ್ಲ ಸಾಂಗವಾಗಿ ಆದರೂ ಇಳಿದು ಬಂದು ಸ್ವಂತ ಗಾಡಿಯ ಬಾಗಿಲು ತೆಗೆದಾಗಲೇ ಮುಖದಲ್ಲಿ ಕಳೆ. ಆದ್ದರಿಂದ ತಿರುವು ನಿಮಿತ್ತ ಮಾತ್ರ.

ಹೆದ್ದಾರಿಯಲ್ಲಿ ಯಾಕೆ ಸುಖವಿಲ್ಲ ಎಂಬುದಕ್ಕೆ ಬಂಡೀಪುರದ ಸಾಕ್ಷ್ಯ ಸಾಕು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಅಲ್ಲಿ ಸಾಮಾನ್ಯ ವಾಹನಗಳ ಸಂಚಾರವಿಲ್ಲ. ಹಗಲಲ್ಲೂ ಗಾಡಿ ನಿಲ್ಲಿಸುವ ಹಾಗಿಲ್ಲ, ಉದ್ದಕ್ಕೂ ಉಬ್ಬು. ಕಾಡಿನ ಪ್ರಾಣಿಗಳಿಗೆ ಇದು ಬೇಕೇ ಬೇಕು ಎಂದು ಅಪ್ಪನೂ ಒಪ್ಪುತ್ತಾರೆ. “ಆದ್ರ ಅದು ಗಾಡಿ ಓಡ್ಸೋದಲ್ಲ ಕಣೊ, ದಬ್ಬೋದು.”

ಹುರುಳಿಯ ಪ್ರಕರಣಕ್ಕೆ ಸ್ವಲ್ಪ ಜಾಗ ಹೆಚ್ಚು ಕೊಡಬೇಕಾಗಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಒಳರಸ್ತೆಗಳ ಟಾರಿನ ಮೇಲೆ ಹುರುಳಿ ಬಳ್ಳಿ ಹರಡಿರುತ್ತಾರೆ. ಕಣ ಬಳಿದು, ರೋಣಗಲ್ಲು ಕಟ್ಟಿ, ಎತ್ತು ಸುತ್ತಿಸುವ ಕೆಲಸವನ್ನು ಹೋಗಿಬರುವ ಚಕ್ರಗಳಿಗೆ ಒಪ್ಪಿಸಿರುತ್ತಾರೆ. ಬೈಕು ಜಾರುತ್ತದೆ, ಬಳ್ಳಿ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದ್ದೂ ಉಂಟು. ಪೊಲೀಸರು ಬೇಡವೆನ್ನುತ್ತಾರೆ, ಹುರುಳಿ ಮತ್ತೆ ಬಂದು ಮಲಗುತ್ತದೆ. ಬುದ್ಧಿವಂತರು ಬೈದುಕೊಂಡು ಅಂಚಿನಲ್ಲಿ ಹಾಯುತ್ತಾರೆ. ಅಪ್ಪ ಸೆಕೆಂಡ್ ಗೇರಿಗೆ ಇಳಿಸಿ ನಟ್ಟನಡುವೆ ಹೋಗುತ್ತಾರೆ. ಚಕ್ರದ ಕೆಳಗೆ ಚರಚರ ಸದ್ದು. ಹಿಂದಿನ ಗಾಜಿನಲ್ಲಿ ಕವೆಗೋಲು ಹಿಡಿದ ಅಜ್ಜಿಯೊಬ್ಬರು ಬಳ್ಳಿ ಮಗುಚುತ್ತ ಕೂಗುತ್ತಾರೆ: “ಅಣ್ಣಾ, ಇನ್ನೊಂದ್ಸಲ ಹೊಡ್ದುಬುಡಣ್ಣಾ!” ಅಪ್ಪ ರಿವರ್ಸ್ ಬರುತ್ತಾರೆ. ಮತ್ತೆ ಮುಂದಕ್ಕೆ. ಆಮೇಲೆ ಪಂಚೆ ಎತ್ತಿಕಟ್ಟಿ, ಚಕ್ರದ ಸಂದಿಗೆ ಸುತ್ತಿದ ಬಳ್ಳಿಯನ್ನು ಮಂಡಿಯೂರಿ ಕಿತ್ತು, ಬೆರಳಿಗಂಟಿದ ನಾಲ್ಕು ಕಾಳನ್ನು ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯ ಪಕ್ಕ ಇಡುತ್ತಾರೆ. “ಹೆದ್ದಾರೀಲಿ ಯಾರಾದ್ರೂ ಇನ್ನೊಂದ್ಸಲ ಬಾ ಅಂತ ಕರ್ದಾರ?” ಈ ಪ್ರಶ್ನೆಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಬಳಿ ಉತ್ತರವಿದೆಯೆಂದು ನಮಗನ್ನಿಸುವುದಿಲ್ಲ.

ಮೂರರಲ್ಲಿ ಎರಡನೆಯದಾದ ವಾಕ್ಯವಕ್ರತೆ ಕವಲುದಾರಿಯಲ್ಲಿ ಸಿಗುತ್ತದೆ. ಫೋನಿನ ನಕ್ಷೆ ಕಡ್ಡಾಯವಾಗಿ ಮಕಾಡೆ ಮಲಗಿರುತ್ತದೆ. ಅದರೊಳಗಿನ ಹೆಂಗಸು ಮುಂದಿನ ತಿರುವನ್ನು ಮೊದಲೇ ಹೇಳಿಬಿಟ್ಟರೆ ಅಪ್ಪನಿಗೆ ಊಟ ಸೇರುವುದಿಲ್ಲ. ದಾರಿ ಗೊತ್ತಿದ್ದರೂ ಗಾಜು ಇಳಿಸಿ ಕೇಳುತ್ತಾರೆ. ಅರಳಿಕಟ್ಟೆಯಿಂದ ಉತ್ತರ: “ಹಿಂಗಾ ನೆಟ್ಟಗ ಹೋಗಿ ಸ್ವಾಮಿ, ಅಲ್ಲೊಂದು ಆಲದ ಮರ ಇತ್ತು, ಈಗಿಲ್ಲ, ಅಲ್ಲಿ ಎಡಕ ತಿರಿಕ್ಕಳಿ.” ಇಲ್ಲದ ಮರದ ಬಳಿ ಅಪ್ಪ ಕರಾರುವಾಕ್ಕಾಗಿ ಎಡಕ್ಕೆ ತಿರುಗುತ್ತಾರೆ. ಯಾಕೆಂದರೆ ಮರ ಇದ್ದಾಗ ನೋಡಿದ್ದಾರೆ.

ಸಿದ್ಧಾಂತ ಇಲ್ಲಿಯೇ ಇದೆ. ತಿರುವಿನ ಆಚೆ ಏನಿದೆಯೆಂದು ಗಾಡಿಯಲ್ಲಿರುವ ಎಲ್ಲರ ಪೈಕಿ ತನಗೊಬ್ಬನಿಗೇ ಗೊತ್ತು ಎಂಬ ಭಾವವೇ ಪಿತೃಸುಖ. ಮನೆಯಲ್ಲಿ ಬ್ಯಾಂಕಿನ ಆಪ್ ಮಗಳಿಗೆ ಗೊತ್ತು, ಟಿವಿ ರಿಮೋಟ್ ಮೊಮ್ಮಗನಿಗೆ ಗೊತ್ತು. ಹುಲುಗನಮುರಡಿ ಬೆಟ್ಟ ಯಾವ ತಿರುವಿನಲ್ಲಿ ಬಲಕ್ಕಿದ್ದದ್ದು ಎಡಕ್ಕೆ ಬರುತ್ತದೆ ಎಂಬುದು ಅಪ್ಪನಿಗೆ ಮಾತ್ರ ಗೊತ್ತು. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆ ಹಿಂದೆ ಬಲವಾಗಿತ್ತು; ಸಿದ್ದರಾಮಯ್ಯ ಹಲವು ಸಲ ಬಂದುಹೋಗಿ 2018ಕ್ಕೆ ಐದು ವರ್ಷ ಪೂರೈಸಿ ಅದನ್ನು ಸುಳ್ಳು ಮಾಡಿದರು. ಡ್ರೈವರ್ ಸೀಟಿನ ವಿಷಯದಲ್ಲಿ ಆ ನಂಬಿಕೆ ಎಂದೂ ನಿಜವಾಗಿರಲೇ ಇಲ್ಲ. ಅಪ್ಪ ಆಜ್ಞೆ ಪಾಲಿಸುವುದು ಹಾಸನೂರು ಕಡೆ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಯದು ಮಾತ್ರ, ಅದೂ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳ ಆಸೆಗೆ.

ಕೊನೆಯದು ಪ್ರಬಂಧವಕ್ರತೆ. ಮೂಲಕಥೆಯ ರಸವನ್ನೇ ಕವಿ ಬದಲಿಸಿಬಿಡುವುದು ಇದರ ಒಂದು ಬಗೆ ಎನ್ನುತ್ತಾನೆ ಕುಂತಕ. ಗುಂಡ್ಲುಪೇಟೆಯ ಛತ್ರದಲ್ಲಿ ನೆಂಟರ ಮದುವೆ. ಮುಹೂರ್ತಕ್ಕೆಂದು ಹೊರಟ ಗಾಡಿ “ಇಷ್ಟು ದೂರ ಬಂದಿದ್ದೀವಿ” ಎಂಬ ಒಂದೇ ಆಧಾರದ ಮೇಲೆ ತಾಳವಾಡಿ ಕಡೆ ತಿರುಗಿ, ರಾಜ್ಯದ ಗಡಿ ದಾಟಿ, ಗಾಜನೂರಿನಲ್ಲಿ ಡಾ. ರಾಜಕುಮಾರ್ ಅವರ ಮನೆಗೆ ದೂರದಿಂದ ಕೈಮುಗಿದು, ಛತ್ರ ತಲುಪುವ ಹೊತ್ತಿಗೆ ಶೃಂಗಾರ ಮುಗಿದು ಶಾಂತರಸ ಆರಂಭವಾಗಿತ್ತು. ಕೊನೆಯ ಪಂಕ್ತಿ. ಪಾಯಸ ಖಾಲಿ, ಹಪ್ಪಳ ಮುರುಕು. ಅಮ್ಮ ಎಲೆಯ ಮೇಲೆ ನೀರು ಚಿಮುಕಿಸುತ್ತ ಒಂದು ಮಾತೂ ಆಡಲಿಲ್ಲ. ಅಪ್ಪ ತಿಳಿಸಾರು ಹಾಕಿಸಿಕೊಂಡು, ಪಕ್ಕದ ಎಲೆಯವರನ್ನು ವಿಚಾರಿಸಿದರು.

“ಯಾವ ದಾರೀಲಿ ಬಂದ್ರಿ?”

“ಮೇನ್ ರೋಡಲ್ಲೇ ಬಂದೊ. ಮುಕ್ಕಾಲು ಗಂಟ.”

“ಅಯ್ಯೊ ಪಾಪ,” ಅಂದರು ಅಪ್ಪ.