ಎರಡಂಕ ಮೀಮಾಂಸೆ

ಉಪೋದ್ಘಾತ

ಶಾಸ್ತ್ರಗ್ರಂಥ ಬರೆಯುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಸಂಪ್ರದಾಯ. ವಿಷಯ: 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳ ಪಾಸಿನ ಗೆರೆಯನ್ನು ಶೇ 35ರಿಂದ ಶೇ 33ಕ್ಕೆ ಇಳಿಸಿದಾಗ ಉದುರಿದ ಎರಡು ಎಲ್ಲಿಗೆ ಹೋದವು ಎಂಬುದು. ಪ್ರಯೋಜನ: ಏನೂ ಇಲ್ಲ, ಈ ಒಂದು ಬಾಬಿನಲ್ಲಿ ನಮ್ಮ ಗ್ರಂಥ ಶಿಕ್ಷಣದ ಬಗೆಗಿನ ಯಾವ ವರದಿಗೂ ಕಡಿಮೆಯಲ್ಲ. ಸಂಬಂಧ: ಲೇಖಕನಿಗೂ ಗಣಿತಕ್ಕೂ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಮಗು ಹತ್ತನೇ ಕ್ಲಾಸಿಗೆ ಬಂತೆಂದು ಮನೆಯ ಟಿವಿ ಕನೆಕ್ಷನ್ ಕೀಳಿಸಿ, ತಾನು ಮಾತ್ರ ಬಾತ್‌ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುವವನು.

ಗಣಿತ ಪ್ರಕರಣ

ಸೂತ್ರ 1: ಎರಡು ಎಂಬುದು ಹದಿಮೂರು.

ಭಾಷ್ಯ: ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಮಿಕ್ಕ ಐದು ವಿಷಯಕ್ಕೆ ತಲಾ ನೂರು, ಒಟ್ಟು 625. ಇದರ ಶೇ 35 ಎಂದರೆ 218.75. ಅರ್ಧ ಅಂಕ ಕೊಡುವ ಮೇಷ್ಟ್ರುಂಟು, ಮುಕ್ಕಾಲು ಕೊಡುವವರಿಲ್ಲ, ಆದ್ದರಿಂದ 219. ಹೊಸ ಗೆರೆ 206. ಕಳೆದರೆ ಉಳಿಯುವುದು ಹದಿಮೂರು. ಇನ್ನು 625ರ ಶೇ 33 ಎಂದರೆ 206.25. ಈ ಕಾಲು ಅಂಕವನ್ನು ಸರ್ಕಾರ ತಾನಾಗಿ ಬಿಟ್ಟುಕೊಟ್ಟಿದೆ. ಇದು ಔದಾರ್ಯವೆಂದು ಕಾಲಂಕವಾದಿಗಳೂ, ಬರೀ ಕಣ್ತಪ್ಪೆಂದು ಶುದ್ಧಗಣಿತವಾದಿಗಳೂ ವಾದಿಸುತ್ತಾರೆ. ಸಿಬಿಎಸ್‌ಇಯಲ್ಲಿಯೂ 33 ಅಲ್ಲವೇ ಎಂಬುದು ಮೂರನೆಯವರ ಮತ. ದಿಲ್ಲಿಯಲ್ಲಿ ನಡೆಯುವುದು ಇಲ್ಲಿ ಪ್ರಮಾಣವಾಗುವುದು ಇಂಥ ಹೊತ್ತಿನಲ್ಲಿ ಮಾತ್ರ.

ಕೃಪಾ ಪ್ರಕರಣ

ಸೂತ್ರ 2: ಕರ್ಮದಿಂದ ಆಗದ್ದು ಕೃಪೆಯಿಂದ ಆಗುತ್ತದೆ.

ಭಾಷ್ಯ: 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಅದು ಶೇ 73.40ಕ್ಕೆ ಬಂದು ನಿಂತಿತು. ನಡುವೆ ಆದದ್ದಿಷ್ಟೇ: ಪರೀಕ್ಷಾ ಕೊಠಡಿಯ ಗೋಡೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ದೇವರು ಎಲ್ಲವನ್ನೂ ನೋಡುತ್ತಾನೆಂದು ನಿತ್ಯ ಪ್ರಾರ್ಥನೆಯಲ್ಲಿ ಹೇಳಿದರೂ ಹುಟ್ಟದ ಭಯ ಕ್ಯಾಮೆರಾ ನೋಡುತ್ತದೆ ಎಂದಾಗ ಹುಟ್ಟಿತು. ಆ ಕೃಪೆ ಒಂದೇ ವರ್ಷದ್ದು. ಕೃಪೆ ಅನಿತ್ಯ, ಗೆರೆ ನಿತ್ಯ. ವರ್ಷವರ್ಷವೂ ಕೈಯೆತ್ತಿ ಕೊಡುವ ಬದಲು ಗೆರೆಯನ್ನೇ ಇಳಿಸಿದರೆ ಕೊಟ್ಟವರ ಕೈ ಕಾಣುವುದಿಲ್ಲ.

ಪೂರ್ವಪಕ್ಷ ಪ್ರಕರಣ

ಶಿಕ್ಷಕ ಮತ: ‘ಮಟ್ಟ ಕುಸಿಯಿತು ಸ್ವಾಮಿ. ಇನ್ನು ಯಾರು ಓದುತ್ತಾರೆ?’ ಈ ಮತದ ಆಚಾರ್ಯರು ಇದನ್ನು ಹೇಳುವುದು ಇಪ್ಪತ್ತರ ಆಂತರಿಕ ಅಂಕಗಳ ಪಟ್ಟಿ ತುಂಬುತ್ತಲೇ. ಹುಡುಗ ಶಾಲೆಗೆ ಬಂದದ್ದಕ್ಕೆ ಹತ್ತು, ಗಲಾಟೆ ಮಾಡದೆ ಹೋದದ್ದಕ್ಕೆ ಒಂಬತ್ತು. ಆಕ್ಷೇಪ: ಹಾಗಾದರೆ ಮಟ್ಟ ಇಳಿಸಿದವರು ಯಾರು? ಸಮಾಧಾನ: ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ನಿಮಗೋ, ನನಗೋ?

ಪಾಲಕ ಮತ: ‘ಕಷ್ಟಪಟ್ಟು ಓದುವ ಮಕ್ಕಳಿಗೆ ಅನ್ಯಾಯ.’ ಈ ಪಂಥದ ಆಕರಗ್ರಂಥ ವಾಟ್ಸಾಪ್ ಗುಂಪು. 33ರ ವಿರುದ್ಧ ಅಲ್ಲಿ ರಾತ್ರಿ ಹನ್ನೊಂದರವರೆಗೆ ಗುಡುಗಿದ ತಾಯಿಯ ಮಗಳಿಗೆ ಬಂದದ್ದು 598. ಆ ತಾಯಿಯ ನಿಜವಾದ ದುಃಖ ಎದುರು ಮನೆಯ ಹುಡುಗಿಯ 611. ಅಂಕ ಹೆಚ್ಚಿಸಿಕೊಳ್ಳಲು ‘ಪರೀಕ್ಷೆ-2’ ಬರೆಸೋಣವೇ ಎಂದು ಆ ಮನೆಯಲ್ಲಿ ಚರ್ಚೆ ನಡೆದಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯೆಂಬ ವ್ಯವಸ್ಥೆ ಬಂದದ್ದು ಬಿದ್ದವರು ಏಳಲೆಂದು ಎಂಬುದು ಲೋಕದ ನಂಬಿಕೆ; ನಿಂತವರು ತುದಿಗಾಲಲ್ಲಿ ನಿಲ್ಲಲೂ ಅದು ಒದಗುತ್ತದೆ. ಹೀಗಾಗಿ ಒಂದು ನಿಯಮ ಸಿದ್ಧವಾಗುತ್ತದೆ: ಗೆರೆಯಿಂದ ಎಷ್ಟು ದೂರವೋ ಗೆರೆಯ ಚಿಂತೆ ಅಷ್ಟು ಜಾಸ್ತಿ.

ವಿದ್ಯಾರ್ಥಿ ಮತ: ಇದಕ್ಕೆ ಎರಡು ಶಾಖೆ. ತೊಂಬತ್ತೈದರ ಶಾಖೆಯವರು ಈ ವಿಷಯದ ಮೇಲೆ ರೀಲ್ಸ್ ಮಾಡಿ ಪ್ರಸಿದ್ಧರಾಗಿದ್ದಾರೆ. ಮೂವತ್ಮೂರರ ಶಾಖೆಯ ಗ್ರಂಥಗಳು ಉಪಲಬ್ಧವಿಲ್ಲ. ಸಂಶೋಧನೆಯ ವೇಳೆ ದೊರೆತ ಏಕೈಕ ಆಕರ, ಒಂದು ಸರ್ಕಾರಿ ಪ್ರೌಢಶಾಲೆಯ ಕೊನೇ ಬೆಂಚಿನ ಮೇಲೆ ಕೈವಾರದ ಮುಳ್ಳಿನಿಂದ ಕೊರೆದ ಶಾಸನ. ಒಂದೇ ಸಾಲು, ಲಿಪಿ ಕನ್ನಡ, ಕಾಲ ಅನಿಶ್ಚಿತ. ಪಾಠ ಹೀಗಿದೆ: ‘ಲೆಕ್ಕದ ಮೇಷ್ಟ್ರು ಯಾವಾಗ ಬರ್ತಾರೋ.’ ಇದು ಭಯದ ಉದ್ಗಾರವೆಂದು ಹಳೆಯ ತಲೆಮಾರಿನ ವಿದ್ವಾಂಸರು ಓದಿದರು. ಅವರ ಕಾಲದಲ್ಲಿ ಮೇಷ್ಟ್ರು ಬರುತ್ತಿದ್ದರು, ಕೋಲೂ ಬರುತ್ತಿತ್ತು. ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರು ಇನ್ನೂ ಬಾರದ ದಿನಗಳಲ್ಲಿ ಕೊರೆದದ್ದಾದ್ದರಿಂದ ಇದು ವಿರಹಕಾವ್ಯವೆಂಬುದು ನಮ್ಮ ಮತ.

ಇದಕ್ಕೆ ಪೋಷಕ ಸಾಕ್ಷ್ಯವೂ ಇದೆ. ಗೆರೆ ಇಳಿದ ಅದೇ ಅಕ್ಟೋಬರ್‌ನಲ್ಲಿ ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ನಡೆಯುತ್ತಿದ್ದದ್ದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಅದು ಮುಗಿಯಲೆಂದು ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ 18ನೇ ತಾರೀಖಿನವರೆಗೆ ಬೆಳೆಯಿತು. ನಾಡಿನ ಶೈಕ್ಷಣಿಕ ಸ್ಥಿತಿ ತಿಳಿಯಬೇಕಾದರೆ ಶಾಲೆ ಮುಚ್ಚಿರಬೇಕೆಂಬ ಸೂಕ್ಷ್ಮ ನ್ಯಾಯ ಇಲ್ಲಿ ಸ್ಪಷ್ಟ.

ಸಿದ್ಧಾಂತ ಪ್ರಕರಣ

ಸೂತ್ರ 3: ಆ ಎರಡು ಸಿಕ್ಕಿವೆ.

ಭಾಷ್ಯ: ಅವು ಸಿಕ್ಕಿದ್ದು ಮೌಲ್ಯಮಾಪನ ಕೇಂದ್ರದ ಒಂದು ಗಣಿತ ಉತ್ತರಪತ್ರಿಕೆಯಲ್ಲಿ. ಪ್ರಶ್ನೆ, ಥೇಲ್ಸ್ ಪ್ರಮೇಯ ಸಾಧಿಸಿ. ಹುಡುಗ ಅಳತೆಪಟ್ಟಿ ಇಟ್ಟು ತ್ರಿಭುಜ ಎಳೆದಿದ್ದಾನೆ. ಎ, ಬಿ, ಸಿ, ಡಿ, ಇ ಎಲ್ಲ ಸ್ವಸ್ಥಾನದಲ್ಲಿವೆ. ‘ದತ್ತ’ ಎಂದು ಬರೆದು ಅಡಿಗೆರೆ ಹಾಕಿದ್ದಾನೆ. ‘ಸಾಧನೀಯ’ ಸರಿಯಿದೆ. ‘ರಚನೆ’ಯೂ ಇದೆ, ಚುಕ್ಕಿಗೆರೆ ಸಮೇತ. ಆಮೇಲೆ ‘ಸಾಧನೆ’ ಎಂದು ಬರೆದು, ಅದಕ್ಕೂ ಅಡಿಗೆರೆ ಹಾಕಿ, ಅರ್ಧ ಪುಟ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿದ್ದಾನೆ. ಕೆಂಪು ಪೆನ್ನಿನ ಮೇಷ್ಟ್ರು ಕೀ ಉತ್ತರ ನೋಡಿಕೊಂಡು ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ ಹಾಕಿದರು. ಒಟ್ಟು ಎರಡು.

ಇವನನ್ನು ದಡ್ಡನೆನ್ನುವವರು ನಮ್ಮ ಶಿಕ್ಷಣ ಚರ್ಚೆಯನ್ನೊಮ್ಮೆ ನೋಡಬೇಕು. ಅಲ್ಲಿ ಚಿತ್ರ ಚೆನ್ನಾಗಿದೆ: ಜಾಹೀರಾತಿನಲ್ಲಿ ನಗುವ ಮಕ್ಕಳು. ದತ್ತವಿದೆ: ಸಮೀಕ್ಷೆಯ ಮೇಲೆ ಸಮೀಕ್ಷೆ. ಸಾಧನೀಯವನ್ನು ಎಲ್ಲ ಸಭೆಯಲ್ಲೂ ಓದುತ್ತಾರೆ: ಗುಣಮಟ್ಟ. ರಚನೆಗೂ ಕೊರತೆಯಿಲ್ಲ: ಸಮಿತಿ, ಉಪಸಮಿತಿ. ‘ಸಾಧನೆ’ ಎಂದು ಬರೆದು ಅಡಿಗೆರೆಯನ್ನೂ ಹಾಕಿ, ಶಿಕ್ಷಕರು, ಪಾಲಕರು, ಸರ್ಕಾರ ಮೂವರೂ ಮುಂದಿನ ಪ್ರಶ್ನೆಗೆ ಹೋಗಿದ್ದಾರೆ. ಹುಡುಗ ನಮ್ಮನ್ನು ನೋಡಿಯೇ ಕಲಿತ. ನಮಗೂ ಸಲ್ಲುವುದು ಆ ಎರಡೇ.

ಫಲಶ್ರುತಿ

ಇದನ್ನು ಶುಚಿಯಾಗಿ ಪಠಿಸಿದ ಶಿಕ್ಷಕರಿಗೆ ಕೋರಿದ ಊರಿಗೆ ವರ್ಗಾವಣೆಯೂ, ಪಾಲಕರಿಗೆ ಎದುರು ಮನೆಯವರಿಗಿಂತ ಒಂದು ಅಂಕ ಜಾಸ್ತಿಯೂ, ಅಧಿಕಾರಿಗಳಿಗೆ ಶೇ 30ಕ್ಕೆ ಇಳಿಸುವ ಧೈರ್ಯವೂ ಪ್ರಾಪ್ತಿಯಾಗುತ್ತದೆ. ಹತ್ತನೇ ಕ್ಲಾಸಿನವರು ಓದಿದರೆ ಸಮಯ ವ್ಯರ್ಥ. ಆ ಹೊತ್ತಿನಲ್ಲಿ ಥೇಲ್ಸ್ ಪ್ರಮೇಯದ ಉಳಿದರ್ಧ ಕಲಿಯಬಹುದು, ಹೇಳಿಕೊಡುವವರು ಸಿಕ್ಕರೆ.