ಎಲ್‌ಟಿಸಿ ಬ್ಲಾಕಿನಲ್ಲಿ ಅಂತಃಪ್ರೇರಣೆ

ಮಕ್ಕಳಲ್ಲಿ ಓದಿನ ಹುರುಪು ಹುಟ್ಟಿಸುವ ಹೊಣೆ ತಮ್ಮದೇ ಎಂಬ ನಂಬಿಕೆ ಕನ್ನಡಿಗ ತಂದೆಯರಲ್ಲಿ ಸಾಮಾನ್ಯವಾದರೂ, ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಮನೆ ಮಾಡಿರುವ ಕೇಂದ್ರ ಸರ್ಕಾರಿ ನೌಕರನಲ್ಲಿ ಅದು ವ್ಯಾಧಿಯ ಮಟ್ಟಕ್ಕೆ ಏರುವುದಕ್ಕೆ ಸ್ಥಳಮಹಿಮೆಯೇ ಮುಖ್ಯ ಕಾರಣವೆನ್ನಬೇಕು. ದೇಶವಿಭಜನೆಯ ನಂತರ ನಿರಾಶ್ರಿತರಿಗೆ ನೆಲೆಯಾಗಿ ಬೆಳೆದು, ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರನ್ನು ಹೊತ್ತಿರುವ, ಕರೋಲ್ ಬಾಗಿಗೆ ಅಂಟಿಕೊಂಡಂತಿರುವ ಈ ಬಡಾವಣೆ ಈಗ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಓದುವವರ ರಾಜಧಾನಿಯಾಗಿದ್ದು, ಇಲ್ಲಿನ ಗೋಡೆ, ಕಂಬ, ಬಾಲ್ಕನಿಗಳಿಂದ ರ್‍ಯಾಂಕ್ ಪಡೆದವರ ಮುಖಗಳು ದಾರಿಹೋಕರನ್ನು ನೋಡಿ ನಗುತ್ತಿರುತ್ತವೆ. ಒಂದೇ ಮುಖ ಎರಡು ಮೂರು ಕೋಚಿಂಗ್ ಸಂಸ್ಥೆಗಳ ಫಲಕಗಳಲ್ಲಿ ಕಾಣಿಸಿಕೊಳ್ಳುವುದನ್ನು ಭಕ್ತರು ಮಹಿಮೆಯೆಂದೂ ಉಳಿದವರು ವ್ಯಾಪಾರವೆಂದೂ ತಿಳಿಯುತ್ತಾರೆ. ಇಲ್ಲಿ ಬೆಳೆಯುವ ಕನ್ನಡದ ಮಗು ಕಾಗುಣಿತ ಕಲಿಯುವ ಮೊದಲೇ ಪ್ರಿಲಿಮ್ಸ್ ಎಂದರೆ ಸೋಸುವ ಪರೀಕ್ಷೆ, ಮೇನ್ಸ್ ಎಂದರೆ ಬರೆದು ಕೈ ನೋಯಿಸಿಕೊಳ್ಳುವ ಪರೀಕ್ಷೆ, ಅಟೆಂಪ್ಟ್ ಎಂದರೆ ಸಾಮಾನ್ಯ ವರ್ಗದವರಿಗೆ 32ನೆಯ ವಯಸ್ಸಿನೊಳಗೆ 6 ಬಾರಿ ಮಾತ್ರ ಸಿಗುವ ಅವಕಾಶ ಎಂಬುದನ್ನು ಮೇಲಿನ ಮಹಡಿಯ ಪಿಜಿಯಲ್ಲಿರುವ ಭಯ್ಯಾಗಳ ಮಾತಿನಿಂದಲೇ ತಿಳಿದಿರುತ್ತದೆ.

2024ರ ಪರೀಕ್ಷೆಗೆ ಸುಮಾರು 9.9 ಲಕ್ಷ ಜನ ಅರ್ಜಿ ಹಾಕಿ, ಕೊನೆಗೆ 1009 ಜನ ಆಯ್ಕೆಯಾದರು. ಈ ಅಂಕಿಗಳಿಂದ ವಿವೇಕಿಯಾದವನು ತೆಗೆಯಬೇಕಾದ ತೀರ್ಮಾನ ಒಂದು, ತಂದೆಯಾದವನು ತೆಗೆಯುವ ತೀರ್ಮಾನ ಇನ್ನೊಂದು: ಆತ ಮಗುವಿನ ತಯಾರಿಯನ್ನು ಐದನೆಯ ತರಗತಿಯಿಂದಲೇ ಶುರುಮಾಡುವುದು ಒಳ್ಳೆಯದೆಂದು ನಿರ್ಧರಿಸುತ್ತಾನೆ. ಆದರೆ ಶಾಲೆಯ ದಿನಗಳಲ್ಲಿ ಕಚೇರಿ ಮತ್ತು ಮೆಟ್ರೊ ಸೇರಿ ಅವನ ಹಗಲನ್ನೆಲ್ಲ ನುಂಗುವುದರಿಂದ, ಪ್ರಯೋಗಕ್ಕೆ ಉಳಿಯುವ ಕಾಲ ಬೇಸಿಗೆ ರಜೆಯೊಂದೇ, ಪ್ರಯೋಗಶಾಲೆ ರೈಲೊಂದೇ.

ರೈಲಿನ ಖರ್ಚನ್ನು ಕೊಡುವುದು ಎಲ್‌ಟಿಸಿ, ಅಂದರೆ ರಜಾ ಪ್ರಯಾಣ ರಿಯಾಯಿತಿ. ನಾಲ್ಕು ವರ್ಷಗಳ ಒಂದು ಅವಧಿಯನ್ನು ಬ್ಲಾಕ್ ಎಂದು ಕರೆದು, ಅದರೊಳಗೆ ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ ಹೋಗಿಬರಲು, ಬೇಕಿದ್ದರೆ ಅದರಲ್ಲೊಂದು ಸರದಿಯನ್ನು ದೇಶದ ಬೇರೆಡೆಗೆ ತಿರುಗಿಸಿಕೊಳ್ಳಲು ಸರ್ಕಾರ ಟಿಕೆಟ್ಟಿನ ಹಣ ಕೊಡುತ್ತದೆ. ಸ್ವಂತ ಊರು ಯಾವುದೆಂದು ನೌಕರ ಮೊದಲೇ ಘೋಷಿಸಬೇಕಾಗಿದ್ದು, ಇಡೀ ಸೇವಾವಧಿಯಲ್ಲಿ ಒಂದೇ ಒಂದು ಸಲ ಅದನ್ನು ಬದಲಾಯಿಸಬಹುದಾದ್ದರಿಂದ, ಹಾಸನ ಜಿಲ್ಲೆಯ ತಂದೆ ಮತ್ತು ಹುಬ್ಬಳ್ಳಿಯ ತಾಯಿ ಇರುವ ಮನೆಗಳಲ್ಲಿ ಈ ನಿಯಮವನ್ನು ಊಟದ ಹೊತ್ತಿನಲ್ಲಿ ಎತ್ತದಿರುವುದು ಕ್ಷೇಮ. ಸ್ಥಳೀಯ ಸುತ್ತಾಟಗಳಿಗೆ ಎಲ್‌ಟಿಸಿಯಲ್ಲಿ ಬಿಡಿಗಾಸೂ ಇಲ್ಲ.

ಪಂಚಾಂಗವೂ ಹೊರನಾಡ ಕುಟುಂಬಕ್ಕೆ ಅನುಕೂಲವಾಗಿಲ್ಲ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್‌ನಲ್ಲಿ ಆರಂಭವಾಗಿ ಮೇ ಕೊನೆಗೆ ಮುಗಿದರೆ, ದೆಹಲಿಯ ರಜೆ ಮೇ ನಡುವೆ ಆರಂಭವಾಗಿ ಜೂನ್ ಕೊನೆಯವರೆಗೆ ಇರುತ್ತದೆ. ಎರಡೂ ಕೂಡಿಬರುವ ಆ ಎರಡು ವಾರಗಳಿಗೆ, 60 ದಿನ ಮುಂಚೆ ಬುಕಿಂಗ್ ತೆರೆದ ಬೆಳಿಗ್ಗೆಯೇ ಟಿಕೆಟ್ ಮುಗಿದಿರುತ್ತದೆ. ಆದಕಾರಣ ದೆಹಲಿಯ ಮಗು ಜೂನ್‌ನಲ್ಲಿ ಊರು ತಲಪಿದಾಗ ಮಾವು ಮುಗಿಯುತ್ತಾ ಬಂದು, ಮಳೆ ಹಿಡಿದು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಸಮವಸ್ತ್ರ ತೊಟ್ಟು ಶಾಲೆಗೆ ಹೊರಟಿದ್ದು, ನಡುಮನೆಯಲ್ಲಿ ಕಾಲು ಚಾಚಿ ಕುಳಿತ ಈ ಅತಿಥಿಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ.

ತಂದೆಯ ಪಾಠಯೋಜನೆಗೆ ಅತ್ಯಂತ ಒಗ್ಗುವ ವಾಹನವೆಂದರೆ ಕರ್ನಾಟಕ ಎಕ್ಸ್‌ಪ್ರೆಸ್. ರಾಜಧಾನಿ ಎಕ್ಸ್‌ಪ್ರೆಸ್ ಬೇಗ ತಲಪಿಸುತ್ತದೆ. ಬೇಗ ತಲಪುವುದು ಶಿಕ್ಷಣಕ್ಕೆ ಮಾರಕ. ನವದೆಹಲಿಯಿಂದ ಸಂಜೆ ಕಳೆದು ಹೊರಟು, ಸುಮಾರು 2400 ಕಿಲೋಮೀಟರ್ ಓಡಿ ಮೂರನೆಯ ದಿನ ಬೆಂಗಳೂರು ಸೇರುವ ಈ ಗಾಡಿ ಚಂಬಲ್, ಬೇತ್ವಾ, ನರ್ಮದಾ, ತಾಪಿ, ಗೋದಾವರಿ, ಭೀಮಾ, ಕೃಷ್ಣಾ, ತುಂಗಭದ್ರಾ ನದಿಗಳನ್ನು ದಾಟುವುದರಿಂದ, ಭೂಗೋಳದ ಅರ್ಧ ಪಠ್ಯ ಕಿಟಕಿಯಲ್ಲೇ ಮುಗಿಯುತ್ತದೆಂಬುದು ಅವನ ಲೆಕ್ಕ. ದೌರ್ಭಾಗ್ಯವಶಾತ್ ಚಂಬಲ್ ಬರುವುದು ನಡುರಾತ್ರಿಯಲ್ಲಿ. ಆಗ್ರಾ ದಾಟಿದೊಡನೆ ಮೇಲಿನ ಬರ್ತಿನಿಂದ ಮಗುವನ್ನು ಎಬ್ಬಿಸಿ, ಎಸಿ ಡಬ್ಬಿಯ ಮಂಕು ಗಾಜಿನಾಚೆ ಕಾಣುವ ಕತ್ತಲೆಯ ಕಡೆಗೆ ಬೆರಳು ತೋರಿಸಿ, ಇದು ರಾಜಸ್ಥಾನ ಮತ್ತು ಮಧ್ಯಪ್ರದೇಶಗಳ ಗಡಿ, ಕೆಳಗೆ ಹರಿಯುವುದು ಯಮುನೆಯ ಉಪನದಿ ಎಂದು ಆತ ವಿವರಿಸುವಾಗ, ಮಗು ಕೇಳುವ ಪ್ರಶ್ನೆ ಒಂದೇ: ‘ಅಪ್ಪಾ, ಇದು ಎಕ್ಸಾಮ್‌ಗೆ ಬರತ್ತಾ?’ ಎದುರು ಬರ್ತಿನ ಪ್ರಯಾಣಿಕರು ಅದನ್ನೇ ಇನ್ನಷ್ಟು ಖಾರವಾಗಿ ಹಿಂದಿಯಲ್ಲಿ ಕೇಳುತ್ತಾರೆ.

ಮರುದಿನ ನರ್ಮದೆಯ ಹೊತ್ತಿಗೆ ತಂದೆ ಬಹುಮಾನ ಪದ್ಧತಿಯನ್ನು ಜಾರಿಗೆ ತರುತ್ತಾನೆ: ಪಶ್ಚಿಮಕ್ಕೆ ಹರಿಯುವ ನದಿಯನ್ನು ಗುರುತಿಸಿದರೆ ಹತ್ತು ರೂಪಾಯಿ. ಮನೋವಿಜ್ಞಾನದಲ್ಲಿ ಇದನ್ನು ಬಾಹ್ಯಪ್ರೇರಣೆ, ಎಂದರೆ ಕೆಲಸದ ಹೊರಗಿನ ಲಾಭಕ್ಕಾಗಿ ಹುಟ್ಟುವ ಉತ್ಸಾಹ ಎನ್ನುತ್ತಾರೆ. ಕೆಲಸದ ರುಚಿಯಿಂದಲೇ ಹುಟ್ಟುವುದು ಅಂತಃಪ್ರೇರಣೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಅಮೆರಿಕದ ಸಂಶೋಧಕರು, ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿ ಬಿಡಿಸಲು ಹೇಳಿದಾಗ, ಪತ್ರ ಕೈಗೆ ಬಂದ ಮೇಲಿನ ದಿನಗಳಲ್ಲಿ ಅವರು ಚಿತ್ರ ಬಿಡಿಸುತ್ತಾ ಕಳೆದ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದುಹೋಯಿತು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿಯೂ ಫಲಿತಾಂಶ ಭಿನ್ನವಾಗುವುದಿಲ್ಲ: ನರ್ಮದೆ ಮತ್ತು ತಾಪಿಗಳಿಂದ ಇಪ್ಪತ್ತು ರೂಪಾಯಿ ಗಳಿಸಿದ ಮಗು, ಗೋದಾವರಿ ಪೂರ್ವಕ್ಕೆ ಹರಿಯುತ್ತದೆಂದು ತಿಳಿದೊಡನೆ ಆ ಕಡೆ ತಲೆಯನ್ನೂ ತಿರುಗಿಸದೆ, ಗಳಿಕೆಯನ್ನು ವಡಾಪಾವ್‌ಗೆ ವಿನಿಯೋಗಿಸುತ್ತದೆ.

ಊರಿನಲ್ಲಿ ಯೋಜನೆಯ ಎರಡನೆಯ ಹಂತವಾಗಿ ಬೇಲೂರು, ಹಳೇಬೀಡುಗಳ ದರ್ಶನವಿರುತ್ತದೆ. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗಿನಿಂದ ಅವು ತಂದೆಯ ಕಣ್ಣಿಗೆ ಗುಡಿಗಳಾಗಿ ಉಳಿಯದೆ ಪ್ರಶ್ನೆಗಳಾಗಿ ಕಾಣುತ್ತವೆ. ಜಗತಿ, ಅಂದರೆ ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆ, ಅದರ ಉದ್ದೇಶವೇನೆಂದು ಆತ ಕೇಳುವಾಗ ಮಗುವಿನ ಪೂರ್ಣ ಗಮನ ಅದರ ಮೇಲೆ ಮಲಗಿರುವ ನಾಯಿಯ ಮೇಲಿರುತ್ತದೆ. ನಾಯಿ ಮಲಗುವುದೂ ಒಂದು ಉದ್ದೇಶವೇ ಎಂಬುದನ್ನು ವಾಸ್ತುಶಾಸ್ತ್ರ ಒಪ್ಪದಿದ್ದರೂ ಅಲ್ಲಗಳೆಯಲಾರದು.

ಆದರೆ ದೆಹಲಿಯಲ್ಲಿ ಏಳೂವರೆಗೆ ಮೂರು ಸಲ ಕೂಗಿದರೂ ಏಳದ ಇದೇ ಮಗು, ಊರಿನಲ್ಲಿ ಯಾರೂ ಕರೆಯದೆ ನಸುಕಿನಲ್ಲೇ ಎದ್ದು, ಚಿಕ್ಕಪ್ಪನ ಹಿಂದೆ ಹಾಲಿನ ಡೈರಿಗೆ ಹೋಗಲು ಬಾಗಿಲಲ್ಲಿ ನಿಂತಿರುತ್ತದೆ. ಡೈರಿಯೆಂದರೆ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ. ಅಲ್ಲಿ ಹಾಲನ್ನು ಅಳೆದು, ಕೊಬ್ಬಿನಂಶವನ್ನು ಪರೀಕ್ಷಿಸಿ, ಅದರಂತೆ ದರ ಕಟ್ಟಿ ಪಾಸ್‌ಪುಸ್ತಕದಲ್ಲಿ ಬರೆಯುತ್ತಾರೆ. ನಾಲ್ಕು ದಿನಗಳಲ್ಲಿ ಮಗು ಯಾವ ಹಸುವಿನ ಹಾಲಿಗೆ ಫ್ಯಾಟ್ ಎಷ್ಟು, ಹಿಂಡಿ ಕಡಿಮೆಯಾದರೆ ಏನಾಗುತ್ತದೆ, ವಾರದ ಬಟವಾಡೆ ಎಷ್ಟು ಬರಬೇಕು ಎಂದು ದಶಮಾಂಶದ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನಾಗಿಯೇ ಮಾಡತೊಡಗುತ್ತದೆ. ತಂದೆ ಅದನ್ನು ಕಂಡು ಪುಳಕಿತನಾಗಿ, ಅಂದು ರಾತ್ರಿಯೇ 1970ರ ಆಪರೇಷನ್ ಫ್ಲಡ್ ಯೋಜನೆ, ಅದರ ರೂವಾರಿ ವರ್ಗೀಸ್ ಕುರಿಯನ್, 1974ರ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮ ಎಂದು ಟಿಪ್ಪಣಿ ಬರೆಸಿ, ಬೆಳಿಗ್ಗೆ ಡೈರಿಯಲ್ಲೇ ಪ್ರಶ್ನೆ ಕೇಳುವುದಾಗಿ ಸಾರುತ್ತಾನೆ. ಮರುದಿನ ಎಂಟಾದರೂ ಕಂಬಳಿ ಅಲುಗುವುದಿಲ್ಲ. ಖಾಲಿ ಕ್ಯಾನಿನೊಡನೆ ಮರಳಿದ ಚಿಕ್ಕಪ್ಪ ‘ಮಲಗ್ಲಿ ಬಿಡಣ್ಣ’ ಎಂದಷ್ಟೇ ಹೇಳಿ ಕೊಟ್ಟಿಗೆಗೆ ಹೋಗುತ್ತಾನೆ. ಮಕ್ಕಳ ಆಸಕ್ತಿಯನ್ನು ಹೀಗೆ ಇಳಿಸಲು ಲೆಪ್ಪರ್ ಮತ್ತು ಸಂಗಡಿಗರು ಹಲವು ವಾರಗಳನ್ನು ತೆಗೆದುಕೊಂಡಿದ್ದರು. ಓಲ್ಡ್ ರಾಜಿಂದರ್ ನಗರದ ತಂದೆ ಒಂದೇ ರಾತ್ರಿಯಲ್ಲಿ ಸಾಧಿಸುತ್ತಾನೆ.

ಬಡಾವಣೆಗೆ ಮರಳಿದಾಗ ಮೇಲಿನ ಮಹಡಿಯ ಭಯ್ಯಾಗಳು ಅಲ್ಲೇ ಇರುತ್ತಾರೆ. ಅವರಲ್ಲಿ ಕರ್ನಾಟಕದವರೂ ಕೆಲವರಿದ್ದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಊರಿನ ಚಟ್ನಿಪುಡಿಯೊಡನೆ ಪಂಪನನ್ನೂ ಕುಮಾರವ್ಯಾಸನನ್ನೂ ಅರಗಿಸಿಕೊಳ್ಳುತ್ತಿರುತ್ತಾರೆ. 2024ರ ಜುಲೈ 27ರಂದು ಇಲ್ಲಿನ ನೆಲಮಾಳಿಗೆಯೊಂದಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತದ್ದು ನಗೆಯ ಲೆಕ್ಕಕ್ಕೆ ಸೇರುವ ಸಂಗತಿಯಲ್ಲ. ದೆಹಲಿಯಲ್ಲಿ ಮಳೆಯೆಂದು ಟಿ.ವಿ.ಯಲ್ಲಿ ಬಂದೊಡನೆ ಇಂಥ ಹುಡುಗರ ತಂದೆಯರು ಊರಿನಿಂದ ಫೋನ್ ಮಾಡಿ ಓದಿನ ಮಾತೆತ್ತದೆ, ಊಟವಾಯಿತೇ ಎಂದು ಮಾತ್ರ ಕೇಳುತ್ತಾರೆ.

ಎಲ್‌ಟಿಸಿ ಬಿಲ್ಲನ್ನು, ಮುಂಗಡ ಪಡೆದಿದ್ದರೆ, ಮರಳಿದ ಒಂದು ತಿಂಗಳೊಳಗೆ ಸಲ್ಲಿಸಬೇಕು. 2026ರಿಂದ 29ರವರೆಗಿನ ಹೊಸ ಬ್ಲಾಕಿನಲ್ಲಿ ಊರಿಗೆ ಹೊರಡುವ ತಂದೆಯರು ಚಂಬಲನ್ನು ನೋಡಲೇಬೇಕೆನಿಸಿದರೆ ತಾವೊಬ್ಬರೇ ಎದ್ದು ನೋಡಿ ಮಲಗಬೇಕೆಂದೂ, ಡೈರಿಗೆ ಹೊರಟ ಮಗುವಿನ ಹಿಂದೆ ಟಿಪ್ಪಣಿ ಪುಸ್ತಕ ಹಿಡಿದು ಹೋಗಬಾರದೆಂದೂ ಇಲ್ಲಿ ಸವಿನಯವಾಗಿ ಕೋರಲಾಗಿದೆ.