ಗ್ಯಾರೇಜಿನ ಐದು ಸೈಕಲ್ಲು, ಎಸ್.ಎಸ್. ಬಡಾವಣೆಯ ಒಂದು ಫೋನು

ಅಮೆರಿಕದಲ್ಲಿ ನೆಲೆಸಿದ ಕನ್ನಡ ಸಂಸಾರಕ್ಕೆ ಅಲ್ಲಿ ಎಷ್ಟು ವರ್ಷವಾಯಿತೆಂದು ತಿಳಿಯಲು ವೀಸಾ ಕಾಗದ ನೋಡಬೇಕಿಲ್ಲ, ಗ್ಯಾರೇಜಿನ ಬಾಗಿಲು ಎತ್ತಿದರೆ ಸಾಕು. ಮೂಲೆಯಲ್ಲಿ 12 ಇಂಚಿನ ಗಾಲಿಯ ಗುಲಾಬಿ ಸೈಕಲ್ಲು, ಹ್ಯಾಂಡಲ್ಲಿನ ತುದಿಯಲ್ಲಿ ಇನ್ನೂ ನಾಲ್ಕು ಎಳೆ ಜರಿ ಕುಚ್ಚು. ಪಕ್ಕದಲ್ಲಿ 16 ಇಂಚಿನದು, ಅದರ ಪಕ್ಕದಲ್ಲಿ 20, ಆಮೇಲೆ 24. ಮಗು ಎರಡು ವರ್ಷಕ್ಕೊಮ್ಮೆ ಬೆಳೆಯುತ್ತದೆ, ಸೈಕಲ್ಲು ಬೆಳೆಯುವುದಿಲ್ಲ. ಕೊನೆಯಲ್ಲಿ ಮನೆ ಯಜಮಾನನ ಹೈಬ್ರಿಡ್ ಸೈಕಲ್ಲು. ದಿನಾ ಹತ್ತು ಮೈಲಿ ತುಳಿಯುತ್ತೇನೆಂದು 2021ರಲ್ಲಿ ಶಪಥ ಮಾಡಿ ತಂದದ್ದು. ಈಗ ಅದರ ಮೇಲೆ ಟವೆಲ್ಲು ಒಣಗುತ್ತದೆ. ಇಷ್ಟಕ್ಕೂ ಜಾಗ ಬಿಟ್ಟುಕೊಟ್ಟ ಕಾರು ಹೊರಗೆ ಟೆಕ್ಸಸ್ಸಿನ ಬಿಸಿಲಿನಲ್ಲಿ ಬೇಯುತ್ತಿರುತ್ತದೆ.

ಇಂಥ ಗ್ಯಾರೇಜಿನ ಇನ್ನೊಂದು ತುದಿ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದೆ. ಬಾಪೂಜಿ ಎಂಜಿನಿಯರಿಂಗ್ ಕಾಲೇಜಿಗೆ ನಡೆದೇ ಹೋಗಿ ಓದಿದ ಹುಡುಗರು ಡಲ್ಲಾಸಿಗೋ ಲಂಡನ್ನಿಗೋ ಹಾರಿ, ಎರಡು ಅಂತಸ್ತಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದಿರುತ್ತಾರೆ. ಅಂಥದೊಂದು ಮನೆಯನ್ನು ಇಲ್ಲಿ ಇಟ್ಟುಕೊಳ್ಳೋಣ. ಹೆಸರು ಬೇಡ, ಬೀದಿಗೊಂದು ಸಿಗುತ್ತದೆ. ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನಿವೃತ್ತ ನೌಕರ. ಸೈರನ್ ಕೂಗುವ ಮೊದಲೇ ಗೇಟು ಮುಟ್ಟಬೇಕೆಂದು ಅಟ್ಲಾಸ್ ಸೈಕಲ್ ತುಳಿದು ಮೊಣಕಾಲು ಸವೆಸಿಕೊಂಡವರು. ಆ ಸೈಕಲ್ಲಿನ ರಸೀದಿ ಇವತ್ತಿಗೂ ಟ್ರಂಕಿನಲ್ಲಿದೆ. ಸೈಕಲ್ಲು ಎಲ್ಲಿದೆ ಎಂಬುದು ಬೇರೆ ಮಾತು.

2025ರ ಜುಲೈ ತಿಂಗಳ ಒಂದು ಭಾನುವಾರ ಮಗ ವಿಡಿಯೊ ಕಾಲ್‌ನಲ್ಲಿ ತನ್ನ ಹೈಬ್ರಿಡ್ ಸೈಕಲ್ ಮಾರುವ ಸಂಗತಿ ತೆಗೆದ.

"ಎಷ್ಟಕ್ಕೆ ಕೇಳ್ತಾರಪ್ಪಾ?"

"ನೂರಾ ಎಂಬತ್ತಕ್ಕೆ, ಅಪ್ಪಾಜಿ. ತಂದಾಗ ಆರುನೂರು ಕೊಟ್ಟಿದ್ದೆ."

"ಡಾಲರ್ರಾ?"

ಮಗ ಸುಮ್ಮನಾದ. ಅಪ್ಪ ಎಂಬತ್ತಾರರಿಂದ ಗುಣಿಸಿದರು. ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಐವತ್ತು ಸಾವಿರದ ಸೈಕಲ್ಲಾ! ಅದು ಪೆಟ್ರೋಲ್ ಕುಡಿತೈತೇನೋ?"

ಅಮ್ಮನ ಬೆರಗು ನ್ಯಾಯವಾದದ್ದೇ, ಆದರೆ ಮಗನದೇನೂ ತಪ್ಪಿಲ್ಲ. ಕೊರೊನಾ ಕಾಲದಲ್ಲಿ ಜಿಮ್ ಮುಚ್ಚಿ, ಬಸ್ ಹತ್ತಲು ಹೆದರಿ, ಅರ್ಧ ಜಗತ್ತು ಒಮ್ಮೆಗೇ ಸೈಕಲ್ಲಿನ ಮೇಲೆ ಬಿತ್ತು. ಅಂಗಡಿಗಳಲ್ಲಿ ಸ್ಟ್ಯಾಂಡುಗಳು ಖಾಲಿ. ಹಳೆಯದನ್ನು ಹೊಸದರ ಬೆಲೆಗೆ ಮಾರಿದವರಿದ್ದರು. ತಯಾರಕರು ಈ ಬೇಡಿಕೆ ಶಾಶ್ವತವೆಂದು ನಂಬಿ ಆರ್ಡರ್ ಮೇಲೆ ಆರ್ಡರ್ ಹಾಕಿದರು. ಮಾಲು ಬಂದಿಳಿಯುವ ಹೊತ್ತಿಗೆ ಜನ ಮತ್ತೆ ಕಾರು ಹತ್ತಿದ್ದರು. ಗೋದಾಮು ತುಂಬಿ ತುಳುಕಿತು. ಗೇರು, ಬ್ರೇಕು ಮಾಡುವ ಜಪಾನಿನ ಶಿಮಾನೊ ಕಂಪನಿಯ ಮಾರಾಟ 2022ರಲ್ಲಿ ಸುಮಾರು 62,900 ಕೋಟಿ ಯೆನ್ ಇದ್ದದ್ದು ಮರುವರ್ಷ ಸುಮಾರು 47,400 ಕೋಟಿಗೆ ಇಳಿಯಿತು. ಬ್ರಿಟನ್ನಿನ ದೊಡ್ಡ ಆನ್‌ಲೈನ್ ಸೈಕಲ್ ಅಂಗಡಿ ವಿಗಲ್ 2023ರ ಅಕ್ಟೋಬರಿನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಹೊಸ ಸೈಕಲ್ಲನ್ನೇ ಭಾರಿ ರಿಯಾಯಿತಿಗೆ ಕೊಡುವಾಗ ಟವೆಲ್ಲು ಒಣಗಿದ ಸೈಕಲ್ಲನ್ನು ಯಾರು ಕೇಳುತ್ತಾರೆ?

ಇದರಲ್ಲೊಂದು ವಿಚಿತ್ರವೂ ಇದೆ. ಅಮೆರಿಕದಲ್ಲಿ ಸೈಕಲ್ ಸಿಗದೆ ಜನ ಪರದಾಡುತ್ತಿದ್ದ ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ದೆಹಲಿ ಬಳಿಯ ಸಾಹಿಬಾಬಾದಿನ ಕಾರ್ಖಾನೆಗೆ ಬೀಗ ಹಾಕಿತು. ಅಪ್ಪ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ರಸೀದಿಯ ಜೊತೆಗೇ ಇಟ್ಟಿದ್ದಾರೆ.

ಮಾರುವ ಕಷ್ಟ ಮಾರಿದವರಿಗೇ ಗೊತ್ತು. ಮೊದಲು ಕನ್ನಡ ಕೂಟದ ವಾಟ್ಸಾಪ್ ಗುಂಪು. ಅಲ್ಲಿ ಬೆಲೆ ಹೇಳಲು ಸಂಕೋಚ. "ಅಯ್ಯೋ, ಮಗೂಗೆ ತಾನೇ, ಹಾಗೇ ತಗೊಂಡ್ಹೋಗಿ" ಎಂದು ಗುಲಾಬಿ ಸೈಕಲ್ಲನ್ನು ಕೊಟ್ಟಾಯಿತು. ಮುಂದಿನ ವಾರ ಅದೇ ಕುಚ್ಚು, ಅದೇ ಗುಲಾಬಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ನಲವತ್ತು ಡಾಲರಿಗೆ ನಿಂತಿತ್ತು. ಸೊಸೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಾಳೆ. ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ಎಳ್ಳು ಬೀರುವಾಗ ಆ ಮನೆಯವರನ್ನು ಕೇಳಬೇಕೋ ಬೇಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಆಮೇಲೆ ಇವರೂ ಮಾರ್ಕೆಟ್‌ಪ್ಲೇಸಿಗೆ ಇಳಿದರು. ಅಲ್ಲಿ ಸಿದ್ಧ ಪ್ರಶ್ನೆಯ ಒಂದು ಗುಂಡಿ ಇದೆ: ಇದು ಇನ್ನೂ ಇದೆಯೇ? ಒತ್ತುವವರು ಬಹಳ. ಇದೆ ಎಂದ ಕೂಡಲೇ ಅವರು ಇರುವುದಿಲ್ಲ. ಶನಿವಾರ ನಿಜವಾಗಿ ಬಂದ ಒಬ್ಬನಿಗೆ ಸೊಸೆ, ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ ಎಂದು, ಖಾರ ಮಂಡಕ್ಕಿ ಮತ್ತು ಮೆಣಸಿನಕಾಯಿ ಕೊಟ್ಟಳು. ಅವನು ಬೆವರು ಒರೆಸಿಕೊಳ್ಳುತ್ತ ಎರಡು ತಟ್ಟೆ ಮುಗಿಸಿದ, ಚೈನು ನೋಡಿದ, ನೂರಕ್ಕೆ ಕೊಡುತ್ತೀರಾ ಎಂದ.

ಇಷ್ಟರ ನಡುವೆ ತೆರಿಗೆಯ ಭಯ. ಅಪ್ಪನ ಎಚ್ಚರಿಕೆ ಖಡಕ್ಕಾಗಿತ್ತು: "ಫೋನ್‌ನಾಗೆ ದುಡ್ಡು ಹಾಕಿಸ್ಕಬ್ಯಾಡ ಕಣಪ್ಪಾ. ಹಾವೇರ್‍ಯಾಗೆ ತರಕಾರಿ ಮಾರೋನಿಗೆ ಇಪ್ಪತ್ತೊಂಬತ್ತು ಲಕ್ಷದ ನೋಟಿಸ್ ಬಂದೈತೆ!"

ಅದು ಗಾಳಿಸುದ್ದಿಯಲ್ಲ. ಆ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಟೀ ಅಂಗಡಿ, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟು ತೋರಿಸಿ 29 ಲಕ್ಷ ಕೇಳಿದ್ದರು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿದ ಮೇಲೆ ಗದ್ದಲ ಇಳಿಯಿತು.

ಮಗನ ಭಯಕ್ಕೂ ಕಾರಣವಿತ್ತು. ಪೇಪಾಲ್, ವೆನ್ಮೊ, ಇಬೇ ಮೂಲಕ ಮಾಲಿನ ದುಡ್ಡು ಬಂದರೆ ಆ ಕಂಪನಿಗಳು 1099-ಕೆ ಎಂಬ ಫಾರಂ ಅಮೆರಿಕದ ತೆರಿಗೆ ಇಲಾಖೆಗೆ ಕಳಿಸುತ್ತವೆ. ಹಿಂದೆ ವರ್ಷಕ್ಕೆ 20,000 ಡಾಲರ್ ಮತ್ತು 200 ವ್ಯವಹಾರ ಎರಡನ್ನೂ ದಾಟಿದವರಿಗೆ ಮಾತ್ರ ಇದ್ದ ಈ ಮಿತಿಯನ್ನು 2021ರ ಕಾನೂನು ಬರೀ 600 ಡಾಲರಿಗೆ ಇಳಿಸಿತು. ಗುಲ್ಲೆದ್ದಿತು. ಇಲಾಖೆ 2022ರಲ್ಲಿ ಮುಂದೂಡಿತು, 2023ರಲ್ಲಿ ಮತ್ತೆ ಮುಂದೂಡಿತು, 2024ಕ್ಕೆ 5,000 ಎಂದಿತು. ಕೊನೆಗೆ 2025ರ ಜುಲೈ 4ರಂದು ಸಹಿಯಾದ ಕಾನೂನು ಹಳೆಯ 20,000 ಮತ್ತು 200ಕ್ಕೇ ವಾಪಸ್ ತಂದಿತು. ಮನೆಯವರೆಲ್ಲ ಹತ್ತುವ ಸೈಕಲ್ಲಿನ ಸೀಟಿನ ಹಾಗೆ ಮಿತಿ ಏರಿ ಇಳಿದದ್ದೇ ಬಂತು, ಸವಾರಿ ಮಾತ್ರ ಹೊರಡಲಿಲ್ಲ. ಅಂದರೆ ಅಪ್ಪ ಫೋನಿನಲ್ಲಿ ಎಚ್ಚರಿಸುವ ಹೊತ್ತಿಗೆ ಮಗನ ತಲೆಬಿಸಿಯನ್ನು ವಾಷಿಂಗ್ಟನ್ ಆಗಲೇ ಇಳಿಸಿತ್ತು. ಗೊತ್ತಿರಲಿಲ್ಲ, ಅಷ್ಟೆ.

ತಮಾಷೆಯೆಂದರೆ, ಮಿತಿ 600 ಆಗಿದ್ದರೂ ಈ ಸೈಕಲ್ಲಿಗೆ ಒಂದು ಸೆಂಟು ತೆರಿಗೆ ಬೀಳುತ್ತಿರಲಿಲ್ಲ. ತೆರಿಗೆ ಇರುವುದು ಲಾಭಕ್ಕೆ. 600ಕ್ಕೆ ತಂದು 180ಕ್ಕೆ ಮಾರಿದರೆ 420 ನಷ್ಟ. ಹಾಗೆಂದು ಆ ನಷ್ಟವನ್ನು ಸಂಬಳದಿಂದ ಕಳೆದು ತೋರಿಸಲೂ ಬರುವುದಿಲ್ಲ, ಮನೆಬಳಕೆಯ ವಸ್ತುವಿನ ನಷ್ಟ ಮನೆಯವರದೇ. ಲಾಭವಾಗಿದ್ದರೆ ಮಾತ್ರ ಫಾರಂ ಬರಲಿ ಬಿಡಲಿ ಹೇಳಲೇಬೇಕಿತ್ತು. ಬ್ರಿಟನ್ನಿನಲ್ಲೂ 2024ರ ಜನವರಿಯಿಂದ ವರ್ಷಕ್ಕೆ 30 ವಸ್ತು ಅಥವಾ ಸುಮಾರು 1,700 ಪೌಂಡ್ ದಾಟಿದವರ ಲೆಕ್ಕ ಇಲಾಖೆಗೆ ಹೋಗತೊಡಗಿದಾಗ ಇದೇ ಗಾಬರಿ. ಇದು ಹೊಸ ತೆರಿಗೆಯಲ್ಲ ಎಂದು ಇಲಾಖೆಯೇ ಹೇಳಬೇಕಾಯಿತು. ನಮ್ಮ ಆದಾಯ ತೆರಿಗೆ ಕಾಯ್ದೆ ಇನ್ನೂ ಉದಾರಿ. ಚಿನ್ನ, ಚಿತ್ರಕಲೆ, ಶಿಲ್ಪದಂಥವನ್ನು ಬಿಟ್ಟು ಸ್ವಂತ ಬಳಕೆಯ ಸಾಮಾನನ್ನು ಅದು ಬಂಡವಾಳ ಆಸ್ತಿ ಎಂದೇ ಎಣಿಸುವುದಿಲ್ಲ. ಅಪ್ಪ ಅಟ್ಲಾಸನ್ನು ಲಾಭಕ್ಕೇ ಮಾರಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಇದನ್ನು ಅಪ್ಪ ಒಪ್ಪುವುದಿಲ್ಲ. ಅವರ ಕಾಲದಲ್ಲಿ ಸೈಕಲ್ ಇಟ್ಟುಕೊಂಡಿದ್ದಕ್ಕೇ ತೆರಿಗೆ ಇತ್ತು. ಪುರಸಭೆಗೆ ವರ್ಷವರ್ಷ ದುಡ್ಡು ಕಟ್ಟಿ ಲೋಹದ ಬಿಲ್ಲೆ ತಂದು ಸೈಕಲ್ಲಿಗೆ ಸಿಕ್ಕಿಸಬೇಕು. ಬಿಲ್ಲೆ ಇಲ್ಲದಿದ್ದರೆ ದಂಡ, ರಾತ್ರಿ ದೀಪವಿಲ್ಲದಿದ್ದರೆ ದಂಡ, ಡಬಲ್ ರೈಡಿಂಗಿಗೆ ದಂಡ. ಮದುವೆಯಾದ ಹೊಸತರಲ್ಲಿ ಪೊಲೀಸ್ ಕಂಡ ಕೂಡಲೇ ಹೆಂಡತಿಯನ್ನು ಇಳಿಸಿ ನಡೆಸಿದ್ದನ್ನು ಅಮ್ಮ ಇವತ್ತಿಗೂ ಮರೆತಿಲ್ಲ. "ಸೈಕಲ್ ಅಂದ್ಮೇಲೆ ಸರ್ಕಾರ ಬಿಡಲ್ಲ" ಎಂಬುದು ಅವರ ಅನುಭವ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗಲೂ ಅವರು ಪೇಪರನ್ನು ಎರಡು ಸಲ ಓದಿದರು.

ಕೊನೆಗೆ ಸೈಕಲ್ಲು ನೂರಾ ಇಪ್ಪತ್ತಕ್ಕೆ ಹೋಯಿತು, ನಗದಾಗಿ. ನಗದಿನ ಕೈವ್ಯಾಪಾರಕ್ಕೆ 1099-ಕೆ ಯಾವ ಮಿತಿಯಲ್ಲೂ ಬರುತ್ತಿರಲಿಲ್ಲ. ಆ ಮಟ್ಟಿಗೆ ಅಪ್ಪನ ಸಲಹೆ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಮಗನ ಹತ್ತಿರ ಇಲ್ಲದ್ದೂ, ಅಪ್ಪನ ಟ್ರಂಕಿನಲ್ಲಿರುವುದೂ ಒಂದೇ: ಕೊಂಡ ದಿನದ ರಸೀದಿ. ಫಾರಂ ಬಂದೇಬಿಟ್ಟರೆ ನಷ್ಟವೆಂದು ತೋರಿಸಲು ಬೇಕಾದದ್ದು ಅದೇ.

ಹೊರನಾಡಿನ ಓದುಗರು ಕೊಂಡ ಬಿಲ್ಲಿನ ಫೋಟೊ ತೆಗೆದಿಡಿ. ಟೈರಿಗೆ ಗಾಳಿ ಹೊಡೆದು, ಟವೆಲ್ ತೆಗೆದು ಸೈಕಲ್ಲಿನ ಫೋಟೊ ಹಾಕಿ. ಗಿರಾಕಿ ಸಿಗುವುದು ಚಳಿ ಕಳೆದ ಏಪ್ರಿಲ್ಲಿನಲ್ಲಿ. ಅಮೆರಿಕದಲ್ಲಿ ತೆರಿಗೆ ವಿವರ ಸಲ್ಲಿಸಲು ಕೊನೆಯ ದಿನವೂ ಏಪ್ರಿಲ್ 15. ಎರಡು ಕೆಲಸವೂ ಒಂದೇ ವಾರಾಂತ್ಯದಲ್ಲಿ ಮುಗಿಯುತ್ತವೆ.